ಹಸಿರು ಚೀಟಿ, ಬೆರಕೆ ಸೊಪ್ಪು

ಸಾವಯವ ಅಡುಗೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳನ್ನು, ಅಡುಗೆ ಪುಸ್ತಕಗಳನ್ನು, ಟಿ.ವಿ. ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಎಲ್ಲದರಲ್ಲೂ ಒಬ್ಬ ಅಜ್ಜಿ ಇರುತ್ತಾಳೆ. ಆಕೆ ಬೀಸುವ ಕಲ್ಲಿನ ಮುಂದೆ ಕೂತಿರುತ್ತಾಳೆ. ಗೊಬ್ಬರದಂಗಡಿಯ ಮುಖ ಕಂಡವಳಲ್ಲ, ಸಕ್ಕರೆ ಕಾಯಿಲೆ ಗೊತ್ತಿಲ್ಲ, ತೊಂಬತ್ತು ದಾಟಿಯೂ ಸೊಂಟ ಬಾಗಿಲ್ಲ. ಆಕೆ ಹೆತ್ತ ಮಕ್ಕಳಲ್ಲಿ ಉಳಿದವು ಎಷ್ಟು, ವರ್ಷದಲ್ಲಿ ಎಷ್ಟು ದಿನ ಆಕೆಯ ಮನೆಯಲ್ಲಿ ಅನ್ನ ಬೇಯುತ್ತಿತ್ತು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಆ ಕಲ್ಲು ತಿರುಗಿಸುವಾಗ ಆಕೆಯ ರಟ್ಟೆ ಎಷ್ಟು ನೋಯುತ್ತಿತ್ತು ಎಂಬ ಪ್ರಶ್ನೆಗಳನ್ನು ಮಾತ್ರ ಬರೆಯುವವರು ಕೇಳುವುದಿಲ್ಲ. ಹಳೇ ಮೈಸೂರು ಸೀಮೆಯ ಬಹುಪಾಲು ಅಜ್ಜಿಯರಿಗೆ ಅನ್ನ ಹಬ್ಬದ ಊಟವಾಗಿತ್ತು. ಅವರ ಅಡುಗೆ ವಿಷಮುಕ್ತವಾಗಿತ್ತೆಂಬುದು ನಿಜ, ಅದು ಹಲವು ಸಲ ಹೊಟ್ಟೆಗೆ ಸಾಲುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.

ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ನಾವು ಸಾವಯವ ಅಡುಗೆಯ ವಿರೋಧಿಗಳಲ್ಲ. ನಮ್ಮ ತಕರಾರು ಇರುವುದು ಆ ಅಡುಗೆಯನ್ನು ಈಗ ಯಾರು, ಯಾವ ಭಾಷೆಯಲ್ಲಿ, ಯಾರನ್ನು ಹೊರಗಿಟ್ಟು ವಿವರಿಸುತ್ತಿದ್ದಾರೆ ಎಂಬುದರ ಬಗ್ಗೆ. ಇದನ್ನು ಪರೀಕ್ಷಿಸಲು ತುಮಕೂರು ರಸ್ತೆಯ ಮಾದನಾಯಕನಹಳ್ಳಿಗಿಂತ ಒಳ್ಳೆಯ ಜಾಗ ಸಿಗಲಾರದು.

ಪೀಣ್ಯ ದಾಟಿ ನೆಲಮಂಗಲದ ಕಡೆ ಹೊರಟರೆ ಹೆದ್ದಾರಿಯ ಆಚೀಚೆ ಮಾದಾವರ, ಮಾಕಳಿ, ದಾಸನಪುರ, ಮಾದನಾಯಕನಹಳ್ಳಿ ಹೀಗೆ ಊರುಗಳು ಒಂದಕ್ಕೊಂದು ಅಂಟಿಕೊಂಡಂತೆ ಸಿಗುತ್ತವೆ. ಒಂದು ಕಾಲಕ್ಕೆ ಇವೆಲ್ಲ ರಾಗಿಯ ಹೊಲಗಳ ಊರುಗಳು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ. ಇಂದು ಅಲ್ಲಿ ಗೋದಾಮುಗಳು, ಸಣ್ಣ ಕಾರ್ಖಾನೆಗಳು, ಲೇಔಟುಗಳು, ಸಾಲು ಸಾಲು ಬಾಡಿಗೆ ಕೋಣೆಗಳು. ಗ್ರಾಮ ಪಂಚಾಯಿತಿಯಾಗಿದ್ದ ಮಾದನಾಯಕನಹಳ್ಳಿ ಈಗ ನಗರಸಭೆ. 2024ರ ನವೆಂಬರಿನಲ್ಲಿ ಮೆಟ್ರೊ ಕೂಡ ಮಾದಾವರದವರೆಗೆ ಬಂತು. ಅದೇ ಮಾದಾವರದಲ್ಲಿ ಜಗತ್ತಿನ ಯಂತ್ರಗಳೆಲ್ಲ ಬಂದು ನಿಲ್ಲುವ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರವಿದೆ. ಅದಕ್ಕಿಂತ ಕೊಂಚ ಹಿಂದೆ, ಇದೇ ರಸ್ತೆಯಲ್ಲಿ, ಹೆಸರಾಂತ ಪ್ರಕೃತಿ ಚಿಕಿತ್ಸಾಲಯವಿದೆ. ಅಲ್ಲಿಗೆ ಅನುಕೂಲಸ್ಥರು ಹಣ ಕಟ್ಟಿ ಕಡಿಮೆ ಉಣ್ಣಲು ಬರುತ್ತಾರೆ. ಒಂದೇ ರಸ್ತೆಯ ಒಂದು ಬದಿಯಲ್ಲಿ ಊಟ ಬಿಡುವುದು ಚಿಕಿತ್ಸೆ, ಇನ್ನೊಂದು ಬದಿಯಲ್ಲಿ ಊಟ ಹೊಂದಿಸುವುದೇ ದಿನದ ಕೆಲಸ.

ಇಲ್ಲಿನ ಹೊಸ ಅಪಾರ್ಟ್‌ಮೆಂಟುಗಳ ಅಡುಗೆ ಮನೆಗೆ ಸಾವಯವ ಬಂದಿರುವುದು ಹಸಿರು ಚೀಟಿ ಅಂಟಿಸಿದ ಪೊಟ್ಟಣವಾಗಿ. ರಾಜಮುಡಿ ಅಕ್ಕಿ, ನವಣೆ, ಗಾಣದ ಎಣ್ಣೆ, ಜೋನಿ ಬೆಲ್ಲ. ಬೇಯಿಸುವವಳು ಬಹಳ ಕಡೆ ಪಕ್ಕದ ವಠಾರದಿಂದ ಬರುವ ಅಡುಗೆಯಾಕೆ. ನವಣೆಯನ್ನು ರಾತ್ರಿಯೇ ನೆನೆಹಾಕಬೇಕು, ಪಾಲಿಶ್ ಮಾಡದ ಅಕ್ಕಿಗೆ ನೀರು ಹೆಚ್ಚು, ಹೊತ್ತು ಹೆಚ್ಚು, ಗ್ಯಾಸ್ ಹೆಚ್ಚು, ಔಷಧಿ ಹೊಡೆಯದ ಕಾಳಿಗೆ ಬೇಗ ಹುಳು ಹತ್ತುವುದರಿಂದ ವಾರಕ್ಕೊಮ್ಮೆ ಬಿಸಿಲಿಗೆ ಹಾಕಬೇಕು, ಕೇರಬೇಕು, ಬೇವಿನ ಎಲೆ ಬದಲಿಸಬೇಕು. ಇಷ್ಟೆಲ್ಲ ತಿಳಿದವಳು ಆಕೆಯೇ. ಆದರೆ ಎರಡು ಮನೆಯ ಅಡುಗೆ ಮುಗಿಸಿ ತನ್ನ ಕೋಣೆಗೆ ಮರಳಿದಾಗ ಇಪ್ಪತ್ತು ನಿಮಿಷದಲ್ಲಿ ಆಗುವುದನ್ನು ಆಕೆ ಒಲೆಗೆ ಏರಿಸುತ್ತಾಳೆ. ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿನ ಪಾಡೂ ಅದೇ. ಐದಕ್ಕೆ ಎದ್ದು ಮೂರು ಡಬ್ಬಿ ಕಟ್ಟಿ ಕಂಪನಿಯ ಬಸ್ಸು ಹಿಡಿಯಬೇಕಾದವಳಿಗೆ ಆರು ಗಂಟೆ ನೆನೆಯುವ ಧಾನ್ಯದ ಗುಣಗಾನ ಮಾಡುವುದರಲ್ಲಿ ಕ್ರೌರ್ಯವಿಲ್ಲವೇ? ಸಾವಯವ ಅಡುಗೆಯ ಮೊದಲ ಸಾಮಗ್ರಿ ಬಿಡುವು ಎಂಬುದನ್ನು ಯಾವ ಪಾಕಪುಸ್ತಕವೂ ಮೇಲಿನ ಪಟ್ಟಿಯಲ್ಲಿ ಬರೆಯುವುದಿಲ್ಲ.

ಬೆಲೆಯ ಮಾತು ಎಲ್ಲರಿಗೂ ಗೊತ್ತಿರುವಂಥದು. ಆದರೂ ರಾಗಿಯ ಒಂದು ಲೆಕ್ಕ ಹೇಳಲೇಬೇಕು. 2025-26ನೇ ಸಾಲಿಗೆ ಕೇಂದ್ರ ಸರಕಾರ ರಾಗಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಅಂದರೆ ಕಿಲೋಗೆ 49 ರೂಪಾಯಿಗೂ ಕಡಿಮೆ. ಅದೇ ರಾಗಿ ಹಿಟ್ಟಾಗಿ, ಸಾವಯವವೆಂಬ ಹೆಸರು ಹೊತ್ತು, ಗಾಜಿನ ಬಾಗಿಲ ಅಂಗಡಿಯಲ್ಲಿ ಕೂತಾಗ ನೂರರ ಆಸುಪಾಸಿಗೆ ಹೋಗಿರುತ್ತದೆ. ನಡುವಿನ ಹಣದಲ್ಲಿ ಬೀಸಿದ್ದಕ್ಕೆ, ಸಾಗಿಸಿದ್ದಕ್ಕೆ, ಪ್ರಮಾಣಪತ್ರಕ್ಕೆ ಒಂದು ಪಾಲು ಹೋಗುತ್ತದೆ, ಒಪ್ಪೋಣ. ಮಿಕ್ಕದ್ದು ಹೋಗುವುದು ನಂಬಿಕೆಯ ಮಾರಾಟಕ್ಕೆ.

ಆ ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ಮಾಡಿಕೊಂಡ ರಾಜ್ಯ. ದೇಶದ ಮಟ್ಟದಲ್ಲಿ ಸಾವಯವ ಆಹಾರದ ನಿಯಮಗಳು ಬಂದದ್ದು 2017ರಲ್ಲಿ, ಕಡ್ಡಾಯವಾದದ್ದು 2018ರ ಜುಲೈನಿಂದ. ಅಂದಿನಿಂದ ಪ್ರಮಾಣಪತ್ರವಿಲ್ಲದೆ ಪೊಟ್ಟಣದ ಮೇಲೆ ಸಾವಯವ ಎಂದು ಬರೆಯುವಂತಿಲ್ಲ. ಬಳಕೆದಾರರಿಗೆ ನೇರವಾಗಿ ಮಾರುವ ಸಣ್ಣ ರೈತರಿಗೆ ವಿನಾಯಿತಿ ಇದೆ. ಪ್ರಮಾಣಪತ್ರ ಬೇಕಾದರೆ ವಾರ್ಷಿಕ ಬೆಳೆಯ ಹೊಲವನ್ನು ಬಿತ್ತನೆಗೆ ಮೊದಲು ಎರಡು ವರ್ಷ, ತೋಟವನ್ನು ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ರಾಸಾಯನಿಕ ಸೋಕದಂತೆ ನೋಡಿಕೊಂಡು ದಾಖಲೆ ಇಡಬೇಕು. ಈ ನಡುಗಾಲದಲ್ಲಿ ರೈತನ ಇಳುವರಿ ಕುಸಿಯುವುದು ಸಾಮಾನ್ಯ, ಸಾವಯವದ ಬೆಲೆಯೂ ಸಿಗುವುದಿಲ್ಲ. ಸ್ವಂತ ಜಮೀನು ಇದ್ದವನು ಹೇಗೋ ತಡೆದುಕೊಂಡಾನು. ವಾರದ ಹೊಲ ಮಾಡುವವನು, ಮುಂದಿನ ವರ್ಷ ಆ ಹೊಲ ತನ್ನ ಕೈಯಲ್ಲಿರುತ್ತದೋ ಲೇಔಟಾಗುತ್ತದೋ ಗೊತ್ತಿಲ್ಲದವನು, ಎರಡು ವರ್ಷದ ದಾಖಲೆ ಎಲ್ಲಿಂದ ತರಬೇಕು? ಮಾದನಾಯಕನಹಳ್ಳಿಯ ಸುತ್ತ ಉಳಿದಿರುವ ತುಂಡು ಹೊಲಗಳನ್ನು ಉಳುವವರಲ್ಲಿ ಇಂಥವರೇ ಹೆಚ್ಚು.

ಇನ್ನು ಚೀಟಿ ಹೇಳದೇ ಇರುವ ಮಾತು. ಸಾವಯವ ಪ್ರಮಾಣಪತ್ರ ಮುಖ್ಯವಾಗಿ ಬೆಳೆಯುವ ಕ್ರಮದ ಲೆಕ್ಕ. ಏನನ್ನು ಹಾಕಲಿಲ್ಲ, ಏನನ್ನು ಸಿಂಪಡಿಸಲಿಲ್ಲ ಎಂಬುದರ ಲೆಕ್ಕ. ಆ ಹೊಲದ ಬಾವಿಯ ನೀರಿಗೆ ಇಪ್ಪತ್ತು ಮೂವತ್ತು ವರ್ಷಗಳಿಂದ ಏನು ಇಳಿದಿದೆ ಎಂಬುದರ ಪೂರ್ತಿ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ದಾಖಲಿಸಿದೆ. ಲೋಹಕ್ಕೆ ಲೇಪ ಕೊಡುವ ಸಣ್ಣ ಘಟಕಗಳು ಅಲ್ಲಿ ಬಹಳ. 2023ರಲ್ಲಿ ಪರಿಸರ ನಿರ್ವಹಣೆ ಮತ್ತು ನೀತಿ ಸಂಶೋಧನಾ ಸಂಸ್ಥೆ, ಅಂದರೆ ರಾಜ್ಯ ಸರಕಾರದ್ದೇ ಸಂಸ್ಥೆ, ಬೆಂಗಳೂರಿನ 20 ಮಳಿಗೆಗಳಿಂದ 10 ಬಗೆಯ ತರಕಾರಿಗಳ 400 ಮಾದರಿ ತಂದು ಪರೀಕ್ಷಿಸಿತು. ಮಿತಿ ಮೀರಿದ ಲೋಹಾಂಶ ಸಿಕ್ಕ ಮಾದರಿಗಳಲ್ಲಿ ಸಾವಯವ ಮಳಿಗೆಯ ತರಕಾರಿಗಳೂ ಇದ್ದವು. ಕೊಳಚೆ ನೀರು ಹಾಯಿಸಿ ಬೆಳೆಯುವುದು ಕಾರಣವೆಂದು ಸಂಶೋಧಕರು ಶಂಕಿಸಿದರು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಸೊಪ್ಪಿನ ಮೇಲೆ ಬಿದ್ದ ಔಷಧಿಯನ್ನು ಉಪ್ಪುನೀರಿನಲ್ಲಿ ತೊಳೆದು ಸ್ವಲ್ಪ ಮಟ್ಟಿಗೆ ತೆಗೆಯಬಹುದು. ಬೇರಿನಿಂದ ಗಿಡದೊಳಗೆ ಏರಿದ ಸೀಸವನ್ನು ಯಾವ ಗೃಹಿಣಿಯೂ ತೊಳೆಯಲಾರಳು.

ಇಲ್ಲಿಯೇ ನಮಗೆ ಬೆರಕೆ ಸೊಪ್ಪು ನೆನಪಾಗುವುದು. ಬೆಂಗಳೂರು, ತುಮಕೂರು, ಕೋಲಾರದ ಹಳ್ಳಿಗಳಲ್ಲಿ ಸೊಪ್ಪು ಎಂದರೆ ಬಿತ್ತಿ ಬೆಳೆದದ್ದಷ್ಟೇ ಅಲ್ಲ. ಮಳೆ ಬಿದ್ದ ವಾರಕ್ಕೆ ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ತಾನಾಗಿ ಏಳುವ ಅಣ್ಣೆ, ಕೀರೆ, ಗೋಣಿ, ಗಣಿಕೆ, ಹೊನಗೊನ್ನೆ, ಚಗಟೆ. ಕಳೆ ಕೀಳಲು ಹೋದ ಹೆಂಗಸರು ಮಡಿಲು ತುಂಬ ಕಿತ್ತು ತರುತ್ತಿದ್ದರು. ಅದಕ್ಕೆ ಕಾಸು ಕೊಡಬೇಕಿರಲಿಲ್ಲ, ಜಾತಿ ಕೇಳಬೇಕಿರಲಿಲ್ಲ. ತುಂಡು ಭೂಮಿ ಇಲ್ಲದವರಿಗೂ ಬದುವಿನ ಸೊಪ್ಪಿನ ಮೇಲೆ ಹಕ್ಕಿತ್ತು. ಒಂದು ಹಿಡಿ ಹುರುಳಿಯನ್ನೋ ಅಲಸಂದೆಯನ್ನೋ ಬೇಯಲು ಹಾಕಿ, ಮೇಲೆ ಈ ಸೊಪ್ಪು ಹಾಕಿ, ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದೇ ಬೇಯಿಸುವಿಕೆಯಲ್ಲಿ ಎರಡು ಪದಾರ್ಥ, ಒಂದು ಹನಿಯೂ ವ್ಯರ್ಥವಿಲ್ಲ. ಬಸ್ಸಾರನ್ನು ಕಂಡುಹಿಡಿದವಳು ಯಾರೋ ಸೌದೆ ಕಡಿಮೆ ಇದ್ದ ಬುದ್ಧಿವಂತೆಯೇ ಇರಬೇಕು. ಈ ಸೀಮೆಯ ನಿಜವಾದ ಸಾವಯವ ಅಡುಗೆ ಇದು. ಅದರ ಮೇಲೆ ಯಾರೂ ಹಸಿರು ಚೀಟಿ ಅಂಟಿಸಲಿಲ್ಲ.

ಆ ಸೊಪ್ಪಿಗೆ ಎರಡು ಕಡೆಯಿಂದ ಪೆಟ್ಟು ಬಿತ್ತು. ಹೊಲ ಉಳಿದ ಕಡೆ ಕೂಲಿ ಉಳಿಸಲು ಕಳೆನಾಶಕ ಬಂತು. ಅದು ಕಳೆಯ ಜೊತೆಗೆ ಸಾರನ್ನೂ ಕೊಂದಿತು. ಹೊಲ ಹೋದ ಕಡೆ ಉಳಿದದ್ದು ಚರಂಡಿಯ ಅಂಚು, ಖಾಲಿ ಸೈಟು, ಕಾರ್ಖಾನೆಯ ಹಿಂಗೋಡೆ. ಅಲ್ಲಿಯೂ ಹೊನಗೊನ್ನೆ ಸೊಂಪಾಗಿಯೇ ಬೆಳೆಯುತ್ತದೆ, ಬೇಕಾದರೆ ಮೊದಲಿಗಿಂತ ಹಸಿರಾಗಿ. ಕೀಳಲು ಭಯ. ಬಡವರ ಅಡುಗೆ ಮನೆಯಿಂದ ಪುಕ್ಕಟೆ ಸಾವಯವವನ್ನು ಹೀಗೆ ಕಿತ್ತುಕೊಂಡ ಮೇಲೆ, ಅದೇ ಸೊಪ್ಪು ಪ್ಲಾಸ್ಟಿಕ್ ಹೊದಿಕೆಯಲ್ಲಿ ಸಿರಿವಂತರ ಅಡುಗೆ ಮನೆಗೆ ಮರಳಿ ಬರುತ್ತಿದೆ. ಸಾವಯವದ ಬಗ್ಗೆ ಬರೆಯುವವರು ಕೀಟನಾಶಕದ ಬಗ್ಗೆ ಬರೆದಷ್ಟು ಆಸ್ಥೆಯಿಂದ ಬೋರ್‌ವೆಲ್ ಬಗ್ಗೆ, ರಾಜಕಾಲುವೆಯ ಬಗ್ಗೆ ಬರೆದಿದ್ದರೆ ನಾವು ಈ ಲೇಖನ ಬರೆಯಬೇಕಿರಲಿಲ್ಲ.

ಧಾನ್ಯದ ವಿಷಯದಲ್ಲೂ ಇಂಥದೇ ಒಂದು ವಿಚಿತ್ರ ನಡೆದಿದೆ. ಮೈಸೂರಿನ ಡಾ. ಖಾದರ್ ಅವರು ನವಣೆ, ಸಾಮೆ, ಹಾರಕ, ಊದಲು, ಕೊರಲೆ ಎಂಬ ಐದನ್ನು ಸಿರಿಧಾನ್ಯಗಳೆಂದು ಕರೆದು ಊರೂರು ಸುತ್ತಿದರು. ಮರೆತುಹೋಗಿದ್ದ ಕೊರಲೆಯನ್ನು ಮತ್ತೆ ಜನರ ಬಾಯಿಗೆ ತಂದದ್ದು ಸಣ್ಣ ಕೆಲಸವಲ್ಲ. 2023ರಲ್ಲಿ, ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಘೋಷಿಸಿದ ವರ್ಷವೇ, ಅವರಿಗೆ ಪದ್ಮಶ್ರೀ ಬಂತು. ಅದನ್ನು ಸಂತೋಷದಿಂದ ಒಪ್ಪುತ್ತಲೇ ಒಂದು ಮಾತು ಹೇಳಬೇಕಾಗಿದೆ. ಅವರ ವಿಂಗಡಣೆಯಲ್ಲಿ ಈ ಐದು ಧಾನ್ಯಗಳು ಗುಣಕಾರಿ, ಅಕ್ಕಿ ಗೋಧಿಗಳು ಹಾನಿಕರ, ರಾಗಿ ಮತ್ತು ಜೋಳ ನಡುವಿನವು, ತಟಸ್ಥ. ರಾಗಿಯನ್ನೇ ನಂಬಿ ತಲೆಮಾರುಗಳು ಬದುಕಿದ ಸೀಮೆಯಲ್ಲಿ ನಿಂತು ಇದನ್ನು ಕೇಳುವಾಗ ಕಸಿವಿಸಿಯಾಗುತ್ತದೆ. ರಾಗಿ ಮಳೆಯಲ್ಲೇ ಬೆಳೆಯುವ ಬೆಳೆ, ಔಷಧಿ ಹೊಡೆಯುವ ಪ್ರಮೇಯ ಕಡಿಮೆ, ಹಗೇವಿನಲ್ಲಿ ಹಾಕಿಟ್ಟರೆ ವರ್ಷಗಟ್ಟಲೆ ಹುಳು ಬೀಳದೆ ಉಳಿಯುತ್ತದೆ. ಯೂರಿಯಾ, ಡಿಎಪಿ ಬಿದ್ದಿರಬಹುದು, ಇಲ್ಲವೆನ್ನುವುದಿಲ್ಲ. ಆದರೂ ಬಡವನ ಕೈಗೆ ಎಟಕುವ ಧಾನ್ಯಗಳಲ್ಲಿ ಸಾವಯವಕ್ಕೆ ಇಷ್ಟು ಹತ್ತಿರ ಇರುವುದು ಇನ್ನೊಂದಿಲ್ಲ. ದಕ್ಷಿಣದ ಜಿಲ್ಲೆಗಳ ನ್ಯಾಯಬೆಲೆ ಅಂಗಡಿಗಳಲ್ಲಿ ಅದನ್ನು ಅಕ್ಕಿಯ ಜೊತೆಗೆ ಕೊಡುತ್ತಲೂ ಬಂದಿದ್ದಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಆ ತಳಿಗಳಿಂದ ಇಳುವರಿ ಏರಿದ್ದಕ್ಕೇ ಮೇಲೆ ಹೇಳಿದ ಅಜ್ಜಿಯ ಮೊಮ್ಮಕ್ಕಳ ತಟ್ಟೆ ತುಂಬಿದ್ದು. ಮುದ್ದೆಯ ತಟ್ಟೆಯನ್ನು ಮೇಲುಕೀಳಿನ ಏಣಿಯಲ್ಲಿ ಒಂದು ಮೆಟ್ಟಿಲು ಕೆಳಗಿಳಿಸಿ, ಅದರ ಮೇಲೆ ದುಬಾರಿ ಕೊರಲೆಯನ್ನು ಕೂರಿಸಿದಾಗ ಆಹಾರ ಔಷಧಿಯಾಗುತ್ತದೆ, ಊಟ ಮಾಡುವವನು ರೋಗಿಯಾಗುತ್ತಾನೆ.

ಸಾವಯವ ಬರಹಗಳ ಮತ್ತೊಂದು ಮೌನ ನಮ್ಮನ್ನು ಹೆಚ್ಚು ಕಾಡುತ್ತದೆ. ಆ ಅಡುಗೆ ಮನೆಯಲ್ಲಿ ಮಾಂಸವಿಲ್ಲ, ಮೊಟ್ಟೆಯೂ ಇಲ್ಲ. ಸಾವಯವ ಎಂಬ ಕೃಷಿಯ ಮಾತು ಯಾವಾಗ ಸಾತ್ವಿಕ ಎಂಬ ಮಡಿಯ ಮಾತಾಗಿ ಬದಲಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಅಂಗಡಿಯ ಗೋಡೆಯ ಮೇಲೆ ದೇಸಿ ಹಸುವಿನ ದೊಡ್ಡ ಚಿತ್ರವಿರುತ್ತದೆ, ಕುರಿಯ ಚಿತ್ರವಿರುವುದಿಲ್ಲ. ಬಯಲುಸೀಮೆಯ ರೈತನಿಗೆ ಕೇಳಿದರೆ ಹೊಲದಲ್ಲಿ ನಾಲ್ಕು ರಾತ್ರಿ ಕುರಿಮಂದೆ ನಿಲ್ಲಿಸುವುದರ ಬೆಲೆ ಎಷ್ಟೆಂದು ಹೇಳಿಯಾನು. ಅದಕ್ಕಾಗಿ ಕುರುಬರಿಗೆ ಧಾನ್ಯ ಕೊಟ್ಟು ಕರೆಯುತ್ತಿದ್ದರು. ಆ ಕುರಿ ಸಾಕುವುದು ಮಾಂಸಕ್ಕಾಗಿ. ಮಾಂಸದ ಗಿರಾಕಿ ಇಲ್ಲದಿದ್ದರೆ ಮಂದೆಯಿಲ್ಲ, ಮಂದೆಯಿಲ್ಲದಿದ್ದರೆ ಗೊಬ್ಬರವಿಲ್ಲ. ಸಾವಯವ ತೋಟಗಳಿಗೆ ಹಾಕುವ ಮೂಳೆ ಪುಡಿ ಎಲ್ಲಿಂದ ಬರುತ್ತದೆ? ಕಸಾಯಿಯ ಅಂಗಡಿ, ಕುರುಬನ ಮಂದೆ, ರೈತನ ತಿಪ್ಪೆ, ಮನೆಯ ಒಲೆ ಇವು ಒಂದೇ ಚಕ್ರದ ಅರೆಕಾಲುಗಳು. ನಡುವಿನ ಒಂದನ್ನು ಅಶುದ್ಧವೆಂದು ಕಿತ್ತು ಎಸೆದು ಚಕ್ರ ಉರುಳಲಿ ಎಂದರೆ ಹೇಗೆ?

ದನದ ವಿಷಯ ಇನ್ನೂ ಗಂಭೀರ. 1964ರ ಕಾನೂನಿನಡಿ ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತನ್ನು ಪ್ರಮಾಣಪತ್ರ ಪಡೆದು ಕಸಾಯಿಖಾನೆಗೆ ಮಾರಬಹುದಿತ್ತು. 2020ರ ಕಾಯ್ದೆ ಹದಿಮೂರು ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಎಲ್ಲ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಇದನ್ನು ಮುಸ್ಲಿಮರ ಊಟದ ಪ್ರಶ್ನೆಯೆಂದು ಮಾತ್ರ ಚರ್ಚಿಸಲಾಯಿತು. ಕೊಟ್ಟಿಗೆಯ ಲೆಕ್ಕ ಬೇರೆ. ಮುದಿ ಎತ್ತು ಮಾರಿದ ಹಣ ಸೇರಿಸಿ ಹೊಸ ಜೋಡಿ ಕೊಳ್ಳುತ್ತಿದ್ದ ಸಣ್ಣ ರೈತ, ಮಾರಲಾಗದ ಎತ್ತಿಗೆ ಮೇವು ಹಾಕಲಾರದೆ ಟ್ರ್ಯಾಕ್ಟರ್ ಬಾಡಿಗೆಗೆ ಕರೆದರೆ ಕೊಟ್ಟಿಗೆ ಖಾಲಿ. ಕೊಟ್ಟಿಗೆ ಖಾಲಿಯಾದರೆ ಯೂರಿಯಾ ಚೀಲ. ಗೋವಿನ ಚಿತ್ರದ ಕೆಳಗೆ ಸಾವಯವ ಬೆಲ್ಲ ಮಾರುವವರು ಈ ಲೆಕ್ಕವನ್ನು ಎಂದಾದರೂ ಎದುರಿಸಬೇಕಾಗುತ್ತದೆ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರಿಂದ ಬಂದ ವಿರೋಧವನ್ನು ನೆನೆದರೆ, ಶುದ್ಧ ಆಹಾರದ ಮಾತು ಎಷ್ಟು ಬೇಗ ಹಸಿದವರ ತಟ್ಟೆಗೆ ಕೈ ಹಾಕುತ್ತದೆ ಎಂಬುದೂ ತಿಳಿಯುತ್ತದೆ.

ಹಾಗೆಂದು ಮುಸ್ಲಿಂ ಅಡುಗೆ ಮನೆಯನ್ನು ನಾವು ಸುಮ್ಮನೆ ಹೊಗಳಲು ಹೊರಟಿಲ್ಲ. ತುಮಕೂರು, ಮಂಡ್ಯದ ಹಳ್ಳಿಗಳ ಮುಸ್ಲಿಂ ಮನೆಗಳಲ್ಲಿ ಮುದ್ದೆ, ಸೊಪ್ಪಿನ ಸಾರು ಎಲ್ಲರಂತೆಯೇ ಇತ್ತು. ಗೋಷ್ ಸಾಲನ್ ಆದ ದಿನವೂ ಪಕ್ಕದಲ್ಲಿ ಮುದ್ದೆ ಇರುತ್ತಿತ್ತು. ಪೇಟೆಗೆ ಬಂದು ನಾಲ್ಕು ಕಾಸು ಆದ ಮೇಲೆ ಮುದ್ದೆ ಹಳ್ಳಿಗರ ಊಟವೆನಿಸಿತು, ಫಾರಂ ಕೋಳಿಯ ಬಿರಿಯಾನಿ ವಾರದ ಊಟವಾಯಿತು. ಕರಾವಳಿಯ ಮನೆಗಳಲ್ಲಿ ಕಜೆ ಅಕ್ಕಿಗೂ ಇದೇ ಗತಿ. ಬಿರಿಯಾನಿಯ ಅಕ್ಕಿ ಉದ್ದವಿದೆಯೇ ಎಂದು ನೋಡುವಷ್ಟು ಅದು ಯಾವ ಹೊಲದ್ದು ಎಂದು ನಾವು ನೋಡಲಿಲ್ಲ.

ನೋಡಿದವರೊಬ್ಬರಿದ್ದಾರೆ. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್. ವಸ್ತುಸಂಗ್ರಹಾಲಯದ ಕೆಲಸದ ಕನಸಿದ್ದ ಯುವಕ ಮನೆಯ ಜವಾಬ್ದಾರಿಯಿಂದ ಬೇಸಾಯಕ್ಕೆ ಇಳಿದರು. ಗದ್ದೆಗೆ ಕೀಟನಾಶಕ ಹೊಡೆಯುವಾಗ ತಲೆಸುತ್ತಿ ಬಿದ್ದ ಮೇಲೆ ಆ ದಾರಿ ಬಿಟ್ಟರು. ಆಮೇಲೆ ಹುಡುಕಿ ಹುಡುಕಿ ಸಂಗ್ರಹಿಸಿದ ಭತ್ತದ ತಳಿಗಳು ಸಾವಿರವನ್ನು ದಾಟಿವೆ. ಟಿಪ್ಪುವಿನ ಕಾಲದ ನೆನಪು ಹೊತ್ತ ಅವರ ಮನೆತನದ ಬಡಾ ಬಾಗ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವಿದೆ. ಕಟ್ಟಡದೊಳಗೆ ಮಾಡಬೇಕೆಂದಿದ್ದ ಸಂಗ್ರಹಾಲಯವನ್ನು ಅವರು ಗದ್ದೆಯಲ್ಲೇ ಮಾಡಿಬಿಟ್ಟರು. ಅಲ್ಲಿ ರಾಜಮುಡಿ ಹೊಸ ಫ್ಯಾಷನ್ನಲ್ಲ, ಬಿತ್ತನೆಯ ಬೀಜ. ದೊಡ್ಡಬಳ್ಳಾಪುರದ ಬಳಿ ಸಹಜ ಕೃಷಿ ಮಾಡುತ್ತ, ಬಂದವರಿಗೆಲ್ಲ ಹೇಳಿಕೊಡುತ್ತ 2019ರ ಜನವರಿಯಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿಯವರನ್ನೂ ಇವರ ಜೊತೆ ನೆನೆಯಬೇಕು. ತೇಜಸ್ವಿಯವರು ಜಪಾನಿನ ಫುಕುವೋಕನ ವಿಚಾರವನ್ನು ‘ಸಹಜ ಕೃಷಿ’ಯಾಗಿ ಕನ್ನಡಕ್ಕೆ ತಂದಾಗ ಓದಿ ಮೆಚ್ಚಿದವರು ಸಾವಿರಾರು, ಹೊಲದಲ್ಲಿ ಮಾಡಿ ತೋರಿಸಿದವರು ಕೆಲವರು. ಇಬ್ಬರಲ್ಲೂ ನಾವು ಕಾಣುವುದು, ಏನು ಉಣ್ಣುತ್ತೇವೆ ಎಂಬುದಕ್ಕಿಂತ ಮೊದಲು ಏನು ಉಳಿಯಬೇಕು ಎಂಬ ಚಿಂತೆ.

ಮಾದನಾಯಕನಹಳ್ಳಿಯಂಥ ಊರಿನ ಬಾಡಿಗೆ ಕೋಣೆಯಲ್ಲಿ ಇದರಲ್ಲಿ ಎಷ್ಟು ಸಾಧ್ಯ? ಸುಗ್ಗಿಯಾದ ಮೇಲೆ ಜನವರಿ ಫೆಬ್ರವರಿಯಲ್ಲಿ ನೆಲಮಂಗಲ, ಮಾಗಡಿ, ಕುಣಿಗಲ್ ಕಡೆಯ ಪರಿಚಿತ ರೈತನಿಂದ ನಾಲ್ಕು ಮನೆ ಸೇರಿ ಎರಡು ಮೂಟೆ ರಾಗಿ ಕೊಂಡರೆ ರೈತನಿಗೆ ಬೆಂಬಲ ಬೆಲೆಗಿಂತ ಹೆಚ್ಚು ಕೊಟ್ಟೂ ಅಂಗಡಿಯ ಪೊಟ್ಟಣಕ್ಕಿಂತ ಅಗ್ಗವಾಗುತ್ತದೆ. ರಾಗಿಗೆ ಹುಳುವಿನ ಭಯವಿಲ್ಲ, ಹಿಟ್ಟಿನ ಗಿರಣಿ ಇನ್ನೂ ಊರಲ್ಲಿದೆ, ನೇರವಾಗಿ ಮಾರುವ ಸಣ್ಣ ರೈತನಿಗೆ ಕಾನೂನೂ ಅಡ್ಡ ಬರುವುದಿಲ್ಲ. ಸೊಪ್ಪನ್ನು ಮಾತ್ರ ಎಲ್ಲಿಯ ನೀರಿನದು ಎಂದು ಕೇಳದೆ ಕೊಳ್ಳಬಾರದು. ನಗರಸಭೆ ತನ್ನ ಬೋರ್‌ವೆಲ್‌ಗಳ ನೀರನ್ನು ಲೋಹಾಂಶಕ್ಕಾಗಿ ಪರೀಕ್ಷಿಸಿ ಫಲಿತಾಂಶವನ್ನು ಕಚೇರಿಯ ಗೋಡೆಗೆ ಅಂಟಿಸಬೇಕೆಂದು ಕೇಳುವುದು ಕೂಡ ಅಡುಗೆಯ ಕೆಲಸವೇ.

ಉತ್ತರ ಕರ್ನಾಟಕದಿಂದ ಬಂದು ಇಲ್ಲಿ ದುಡಿಯುವವರು ಇದನ್ನು ಯಾರೂ ಹೇಳಿಕೊಡದೆಯೇ ಮಾಡುತ್ತಿದ್ದಾರೆ. ಊರಿಗೆ ಹೋದವರು ಬರುವಾಗ ಬಸ್ಸಿನ ಮೇಲೆ ಜೋಳದ ಚೀಲ ಹಾಕಿಕೊಂಡು ಬರುತ್ತಾರೆ. ಪಕ್ಕದ ಹತ್ತಿ ಹೊಲಕ್ಕೆ ಹೊಡೆದ ಔಷಧಿ ಅದಕ್ಕೆ ತಾಗಿರಲೂಬಹುದು, ಕೇಳಿದರೆ ಅವರೇ ಹೇಳುತ್ತಾರೆ. ಯಾವ ವರ್ಷ ಎಷ್ಟು ಗೊಬ್ಬರ ಹಾಕಿದ್ದು, ಯಾವ ಹೊಲದ್ದು, ಅಣ್ಣನದೋ ಮಾವನದೋ ಎಂಬುದೂ ಅವರ ಬಾಯಲ್ಲೇ ಇರುತ್ತದೆ. ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುವುದು ಇಳಿಸಬೇಕಾದ ನಿಲ್ದಾಣದ ಹೆಸರು ಮಾತ್ರ.